ಅವ್ವ ಎಣಿಸಿದ ಒಂಬತ್ತು ಜೆಟ್‌ಗಳು

ಇವತ್ತು ಕಾಲೇಜೊಂದರ ಮುಂದೆ ಕಂಬದ ಮೇಲೆ ನಿಲ್ಲಿಸಿದ ಹಳೆಯ ಕೆಂಪು ಜೆಟ್ ಕಂಡೆ. ಬಿಸಿಲಿಗೆ ಹೊಳೆಯುತ್ತಿದ್ದ ಅದರ ಬಣ್ಣ ನನ್ನನ್ನು ತಿರ್ಲಾಪುರದ ನಮ್ಮ ಹತ್ತಿ ಹೊಲಕ್ಕೆ ಒಯ್ದಿತು.

ನಾನು ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ ವಾಯುಪಡೆಯ ಕಸರತ್ತಿನ ತಂಡದ ಒಂಬತ್ತು ಕೆಂಪು ಜೆಟ್‌ಗಳು ತಲೆಯ ಮೇಲೆ ಹಾದುಹೋದವು. ಸಂಜೆ ಎಂಟೇ ಮರಳಿದವು. ದಿನಾ ದನ ಎಣಿಸಿಯೇ ಕೊಟ್ಟಿಗೆಯ ಬಾಗಿಲು ಹಾಕುವ ಅವ್ವ ಆಕಾಶ ನೋಡುತ್ತ ನಿಂತುಬಿಟ್ಟಳು.

"ಒಂದ ಕಮ್ಮಿ ಐತಿ. ಎಲ್ಲಿ ಹೋತು, ಹುಡುಕ ನೋಡೂಣು," ಎಂದು ನನಗೆ ಹೇಳಿದಳು.

ದೊಡ್ಡವಳಾಗಿ ವರ್ಷಗಟ್ಟಲೆ ಹುಡುಕಿದೆ. ಆ ತಂಡದ ಐದು ಜೆಟ್ ಗುಜರಿ ಸೇರಿದ್ದವು, ಮೂರು ಮ್ಯೂಸಿಯಂನಲ್ಲಿದ್ದವು. ಬಾಲದ ಮೇಲಿನ ಸಂಖ್ಯೆ ನೋಡಿದೆ; ಕಾಲೇಜಿನ ಮುಂದಿನ ಇದೇ ಒಂಬತ್ತನೆಯದು. ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿದೆ.

"ಸಿಕ್ತು ಬೇ ಯವ್ವಾ!"

"ಕಟ್ಟಿ ಹಾಕ್ಯಾರೇನು?"

"ಹೂಂ, ಕಂಬಕ್ಕ ಬಿಗದಾರ."

"ಹಂಗಾರ ಬಾಗಲಾ ಹಾಕ್ತೀನಿ ತಗೋ."