ಸಂಕದ ಮೂರನೆಯ ಮರ

ಆ ದಿನಗಳೇ ಚಂದ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಕಡಬದಿಂದ ಜೀಪಿನಲ್ಲಿ ಬಂದಿಳಿದು ತೋಡು, ಅಂದರೆ ಸಣ್ಣ ಹಳ್ಳ, ದಾಟಿದರೆ ನಮ್ಮ ಕಿರಿಯ ಪ್ರಾಥಮಿಕ ಶಾಲೆ. ತೋಡಿಗೆ ಸೇತುವೆ ಇರಲಿಲ್ಲ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಈಚೆ ದಡದವರು ಸಂಕ ಹಾಕುತ್ತಿದ್ದರು. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೊಂದು ಅಡಿಕೆ ಮರ, ಅದು ಕ್ರಮ. ಫಸಲು ನಿಂತ ಮುದಿ ಮರ ಕಡಿದು, ಹೊತ್ತು ತಂದು, ಸಾಲಾಗಿಟ್ಟು ಕಾಡುಬಳ್ಳಿಯಿಂದ ಬಿಗಿಯುತ್ತಿದ್ದರು. ನಾನು ಒಂದನೇ ಕ್ಲಾಸಿಗೆ ಸೇರಿದಾಗ ಐದು ಮರದ ಸಂಕ. ಗೆಳತಿ ಲಲಿತೆಯೂ ನಾನೂ ಕೈಹಿಡಿದು ದಾಟುತ್ತಿದ್ದೆವು. ಆಮೇಲೆ ಇಂಗ್ಲಿಷ್ ಮೀಡಿಯಂ ವ್ಯಾನು ಬಂತು. ನಾಲ್ಕನೇ ಕ್ಲಾಸಿಗೆ ಬರುವಾಗ ಉಳಿದದ್ದು ಎರಡೇ ಮನೆ, ನಮ್ಮದು ಮತ್ತು ಅವಳದು.

"ಎರಡು ಮರದಲ್ಲಿ ಮಕ್ಕಳನ್ನು ಕಳಿಸುದು ಹೇಗೆ ಮಾಸ್ಟ್ರೆ?" ಎಂದರು ಲಲಿತೆಯ ಅಮ್ಮ. "ಮೂರಾದ್ರೂ ಬೇಕು. ಇಲ್ಲದಿದ್ರೆ ಇವಳನ್ನೂ ವ್ಯಾನಿಗೆ ಹಾಕುದು."

ಶಾಲೆಯಲ್ಲಿದ್ದದ್ದೇ ಆರು ಮಕ್ಕಳು. ನಾವಿಬ್ಬರು ಹೋದರೆ ಬೀಗ ಬೀಳುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮಾಸ್ಟ್ರು ಗದಗದ ಕಡೆಯವರು. ಬಿಸಿಯೂಟದ ಸೌತೆ ಸಾಂಬಾರಿಗೆ ತಮ್ಮೂರಿನ ಖಾರದ ಪುಡಿ ಉದುರಿಸಿಕೊಂಡು ಉಣ್ಣುತ್ತಿದ್ದರು, ಗೇರುಬೀಜದ ಆಟದಲ್ಲಿ ನಮ್ಮೆದುರು ಸೋತು ಸಿಡುಕುತ್ತಿದ್ದರು. ಅವರೆಂದರೆ ನನಗೆ ಜೀವ.

ಶನಿವಾರ ಶಾಲೆ ಬಿಟ್ಟ ಮೇಲೆ ಅವರು ಮೂರನೆಯ ಮರಕ್ಕೆಂದು ಕತ್ತಿ ಹಿಡಿದು ಶಾಲೆಯ ಹಿತ್ತಿಲಿನ ಅಡಿಕೆ ಗಿಡಗಳ ಹತ್ತಿರ ಹೋದರು. ನಾನೂ ಹಿಂದೆಯೇ ಹೋದೆ.

"ಇದು ನೆಟ್ಟಗ ಐತಿ ನೋಡವಾ. ಸಾಕಲ್ಲ?"

ನೆಟ್ಟಗೇ ಇತ್ತು. ಆದರೆ ಎಳತು, ಆಗಷ್ಟೇ ಮೊದಲ ಹಿಂಗಾರದ ಹೂ ಬಿಟ್ಟಿತ್ತು. ಅಲ್ಲಿದ್ದ ಗಿಡಗಳೆಲ್ಲ ಹಾಗೆಯೇ. ಎಳೆ ಮರದ ಒಳಗೆಲ್ಲ ತಿರುಳು, ನೀರು ಕುಡಿದರೆ ಕೊಳೆತು ಹೋಗುತ್ತದೆ. ಅಡಿಕೆ ಕೊಯ್ಯುವವರ ಮಗಳಾದ ನನಗೆ ಅದು ಗೊತ್ತಿಲ್ಲದ್ದಲ್ಲ. ಅಪ್ಪ ಆ ವಾರ ಕಲ್ಲುಗುಂಡಿಯ ಕಡೆ ಕೆಲಸಕ್ಕೆ ಹೋಗಿದ್ದರು. ನಾನು ಬಾಯಿಬಿಟ್ಟರೆ ಮೂರನೆಯ ಮರ ಇಲ್ಲ, ಮರ ಇಲ್ಲದಿದ್ದರೆ ಶಾಲೆಯೂ ಇಲ್ಲ.

"ಸಾಕು ಸರ್" ಎಂದೆ.

ಸಂಕ ಹಾಕಿದರು. ಕೆಸರು ಮೆತ್ತಿಕೊಂಡ ಮೇಲೆ ಯಾವ ಮರ ಎಳತು, ಯಾವುದು ಬಲಿತದ್ದು ಎಂದು ಯಾರೂ ನೋಡಲಿಲ್ಲ. ನಾನು ಮಾತ್ರ ದಿನಾ ಆ ಮರ ಬಿಟ್ಟು ಕಾಲಿಡುತ್ತಿದ್ದೆ. ಲಲಿತೆಗೂ ಹೇಳಲಿಲ್ಲ, ಎಂಥ ಹುಡುಗಿ ನಾನು.

ಮಳೆಗಾಲದ ನಡುವಿನ ಆಟಿ ತಿಂಗಳ ಒಂದು ಬೆಳಿಗ್ಗೆ ಅವಳು ನನ್ನ ಮುಂದೆ ಹೋಗುತ್ತಿದ್ದಳು. ಕಾಲಿಟ್ಟಲ್ಲೇ ಮರ ಮುರಿಯಿತು. ಅವಳು ಕೆಳಗೆ ಕಲ್ಲಿನ ಮೇಲೆ ಬಿದ್ದಳು, ಮೊಣಕೈ ಮುರಿಯಿತು. ತೋಡಿನಲ್ಲಿ ಆ ದಿನ ನೀರು ಕಡಿಮೆ ಇದ್ದದ್ದರಿಂದ ಜೀವ ಉಳಿಯಿತು.

"ಎಂತ ಮಾಸ್ಟ್ರೆ, ಮಕ್ಕಳನ್ನು ಕೊಲ್ಲುದಾ?" ಎಂದು ಅವಳ ಅಮ್ಮ ಜನರೆದುರು ಕೇಳಿದರು. ಅಪ್ಪ ನನ್ನನ್ನೂ ಬಿಡಿಸಿದರು. ಚೌತಿಯ ಹೊತ್ತಿಗೆ ಶಾಲೆಗೆ ಬೀಗ ಬಿತ್ತು.

ಮಾಸ್ಟ್ರು ಊರು ಬಿಡುವ ದಿನ ಜೀಪು ಕಾಯುತ್ತಾ ನನ್ನನ್ನು ಕರೆದರು.

"ನನಗ ಅಡಕಿ ಗಿಡದ್ದು ತಿಳಿಯಂಗಿಲ್ಲವಾ. ನಿನಗ ಗೊತ್ತಿತ್ತೇನು?"

"ಇಲ್ಲ ಸರ್."

"ಹೌದ್ ಬಿಡು, ಸಣ್ಣಾಕಿ ನೀ" ಎಂದು ತಲೆ ಸವರಿ ಜೀಪು ಹತ್ತಿದರು.

ಈಗ ತೋಡಿಗೆ ಕಾಂಕ್ರೀಟ್ ಸೇತುವೆ ಉಂಟು. ಶಾಲೆಯ ಹೆಂಚು ಬಿದ್ದು, ಒಳಗೆ ಯಾರೋ ಕಟ್ಟಿಗೆ ರಾಶಿ ಹಾಕಿದ್ದಾರೆ. ಆಚೆ ದಡದಲ್ಲಿ ಓದು ಕಲಿಸುವ ಜಾಗವೇ ಉಳಿದಿಲ್ಲ. ಲಲಿತೆಯ ಕೈ ಇನ್ನೂ ಪೂರ್ತಿ ನೇರವಾಗುವುದಿಲ್ಲ, ಮಗಳನ್ನು ವ್ಯಾನಿಗೆ ಹತ್ತಿಸಲು ಕಷ್ಟಪಡುತ್ತಾಳೆ. ಹೇಳಿಬಿಡಬೇಕೆಂದು ಎಷ್ಟೋ ಸಲ ಅವಳ ಮನೆಗೆ ಹೋಗಿ, ಚಾ ಕುಡಿದು ವಾಪಸು ಬಂದಿದ್ದೇನೆ. "ಆ ಮಾಸ್ಟ್ರಿಗೆ ಒಂದು ಚೂರು ಬುದ್ಧಿ ಇರ್ಲಿಲ್ಲ ಮಾರಾಯ್ತಿ" ಎಂದು ಅವಳು ಈಗಲೂ ಬೈಯುತ್ತಾಳೆ. ನಾನು ಹೂಂ ಎನ್ನುತ್ತೇನೆ.