ಒಂದೇ ಕಡೆ ಕಾಲು ಹಾಕಿ

ನನ್ನ ಹೆಂಡತಿ ನಿಂತುಕೊಂಡೇ ರೊಟ್ಟಿ ಬಡಿಯುತ್ತಾಳೆ. ನೆಲದ ಮೇಲೆ ಕೂತು ಬಡಿದರೇನೇ ಕೈಗೆ ಜೋರು ಬರುವುದು ಅಂತ ಮೊದಲೆಲ್ಲ ವಾದ ಮಾಡುತ್ತಿದ್ದವಳು. ಈಗ ಅವಳ ಎಡ ಮೊಣಕಾಲು ಮಡಚುವುದಿಲ್ಲ, ಬಲಗಾಲಿನ ಹಿಮ್ಮಡಿ ಕೀಲು ತಿರುಗುವುದಿಲ್ಲ. ನಾನು ಬಾಲಾನಗರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ವೆಲ್ಡರ್. ಅವಳ ಸೊಂಟದ ಎತ್ತರಕ್ಕೆ ಅಳತೆ ತೆಗೆದು ಕಬ್ಬಿಣದ ಮೇಜೊಂದನ್ನು ಮಾಡಿಕೊಟ್ಟಿದ್ದೇನೆ. ನೋಡಿದವರು ಎಂಥ ಒಳ್ಳೇ ಗಂಡ ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಹೊಸ ಚಪ್ಪಲಿ ತಂದರೆ ಮೊದಲು ಮೋಚಿಯ ಹತ್ತಿರ ಹೋಗಬೇಕು. ಗಿಡ್ಡಾದ ಎಡಗಾಲಿನ ಚಪ್ಪಲಿಗೆ ಅವನು ಎರಡು ಪದರ ರಬ್ಬರು ಹಚ್ಚಿಕೊಡುತ್ತಾನೆ. ಬ್ಲೌಸು ಹೊಲಿಯುತ್ತಿದ್ದ ಮಶೀನು ತುಳಿಯಲು ಎರಡೂ ಪಾದ ಬೇಕು, ಹಾಗಾಗಿ ಅದರ ಮೇಲೆ ಟೀವಿ ಕೂತಿದೆ. ನಮ್ಮವರ ಮನೆಯ ಕಾರ್ಯಗಳಲ್ಲಿ ಹೆಂಗಸರೆಲ್ಲ ಜಮಖಾನದ ಮೇಲೆ ಕೂತು ನಗುತ್ತಿರುವಾಗ ಇವಳಿಗೆ ಮುದುಕಿಯರ ಸಾಲಿನಲ್ಲಿ ಕುರ್ಚಿ ಹಾಕುತ್ತಾರೆ. ಎರಡು ಸಲ ಹೋದಳು, ಆಮೇಲೆ ಬಿಟ್ಟಳು.

ಏಳು ವರ್ಷದ ಹಿಂದೆ ನಾವು ನಗರದಂಚಿನ ಶಂಶಾಬಾದಿನಲ್ಲಿದ್ದೆವು. ಹೊಸ ಬಡಾವಣೆಗಳಿಗೆ ಗೇಟು, ಗ್ರಿಲ್ಲು ಮಾಡುವ ಕೆಲಸ ನನ್ನದು. ಮಗಳು ರಜೆಗೆಂದು ಯಾದಗಿರಿ ಕಡೆಯ ನಮ್ಮ ಊರಿಗೆ, ನನ್ನ ತಾಯಿಯ ಹತ್ತಿರ ಹೋಗಿದ್ದಳು. ಒಂದು ಭಾನುವಾರ, ಜೊತೆಗೆ ಕೆಲಸ ಮಾಡುವವನ ಮನೆಯಲ್ಲಿ ತೊಟ್ಟಿಲ ಕಾರ್ಯ. ನನ್ನ ಹೆಂಡತಿ ಜೀವನದಲ್ಲೇ ಮೊದಲ ಸಲ ಚೂಡಿದಾರ ಹಾಕಿಕೊಂಡಳು, ತಾನೇ ಹೊಲಿದಿದ್ದು. ಹಸಿರು ಬಣ್ಣ. ಸೈಕಲ್ಲಿನ ಕ್ಯಾರಿಯರ್ ಮೇಲೆ ಗಂಡಸರ ಹಾಗೆ ಎರಡೂ ಕಡೆ ಕಾಲು ಹಾಕಿ ಕೂತಳು. "ಇದು ಎಷ್ಟು ಆರಾಮ ಐತ್ರಿ! ಇಷ್ಟು ದಿನ ಸುಮ್ಮನ ಸೊಂಟ ತಿರುವಿಕೊಂಡು ಕೂತಿದ್ದೆ" ಅಂತ ದಾರಿಯುದ್ದಕ್ಕೂ ನಕ್ಕಳು. ನಾನೂ ನಕ್ಕೆ.

ಬಯಲಿನ ಮಣ್ಣುದಾರಿ ಅದು. ಅಲ್ಲೊಂದು ತೋಟದ ಮನೆಯವರು ದಪ್ಪ ಚಕ್ರದ ನಾಲ್ಕು ಗಾಲಿಯ ಬೈಕುಗಳನ್ನು ಬಾಡಿಗೆಗೆ ಬಿಡುತ್ತಿದ್ದರು. ನಗರದವರು ಬಂದು ಗುಡ್ಡೆಗಳ ಮೇಲೆ ಹಾರಿಸಿ ಧೂಳೆಬ್ಬಿಸುತ್ತಿದ್ದರು. ದೂರದಲ್ಲಿ ಕಾರ್ಯದ ಮನೆಯ ಶಾಮಿಯಾನ ಕಂಡಿತು. ನಾನು ಬ್ರೇಕು ಹಿಡಿದೆ.

"ಇಳಿ. ಸರಿಯಾಗಿ ಕೂಡು" ಅಂದೆ.

"ಯಾಕ್ರೀ?"

"ನಮ್ಮ ಮಂದಿ ಎಲ್ಲಾ ಕೂಡ್ಯಾರ ಅಲ್ಲಿ. ಹಿಂಗ ಕಾಲು ಅಗಲಿಸಿ ಹೋದ್ರ ನನ್ನ ಮಾರಿ ಏನು ಉಳೀತದ? ಒಂದೇ ಕಡೆ ಕಾಲು ಹಾಕು."

ಅವಳು ಇಳಿದಳು. ನಗು ಎಲ್ಲಿ ಹೋಯಿತೋ. ಎಡಗಡೆಗೆ ಎರಡೂ ಕಾಲು ಇಳಿಬಿಟ್ಟು, ಓಢಣಿ ಸರಿಮಾಡಿಕೊಂಡು ಕೂತಳು. ಐವತ್ತು ಮಾರು ಹೋಗಿರಬೇಕು. ಎಡಗಡೆಯ ಮಣ್ಣುಗುಡ್ಡೆಯ ಮೇಲಿಂದ ಅಂಥ ಒಂದು ಗಾಡಿ ಜಿಗಿದು ಬಂತು. ಮುಂದೆ ಸೀಟಿನ ಮೇಲಿದ್ದ ನನಗೆ ತರಚಿದ ಗಾಯ ಕೂಡ ಆಗಲಿಲ್ಲ. ಅದು ಬಡಿದದ್ದು ಹೊರಗೆ ಚಾಚಿಕೊಂಡಿದ್ದ ಅವಳ ಎರಡೂ ಕಾಲಿಗೆ.

ಗಾಡಿ ಓಡಿಸುತ್ತಿದ್ದವನು ನನ್ನದೇ ವಯಸ್ಸಿನವನು. ಹೆಲ್ಮೆಟ್ ಕಿತ್ತೆಸೆದು ಓಡಿಬಂದು ನನಗಿಂತ ಜೋರಾಗಿ ಅತ್ತ. ಅವನಿಗೆ ನಾನು ಬಾಯಿಗೆ ಬಂದಂತೆ ಬೈದೆ. ಆಮೇಲೆ ವರ್ಷಗಟ್ಟಲೆ ಮನಸ್ಸಿನಲ್ಲೇ ಬೈದೆ. ತಪ್ಪು ಅವನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನನ್ನು ಬೈಯುವಷ್ಟು ಹೊತ್ತು ನನಗೆ ಹಗುರವಾಗುತ್ತಿತ್ತು ಅನ್ನುವುದೂ ನಿಜ.

ಆಸ್ಪತ್ರೆಯಲ್ಲಿ, ಸೈಕಲ್ಲಿನ ಮೇಲೆ ಇವಳು ಹೇಗೆ ಕೂತಿದ್ದಳು ಅಂತ ಡಾಕ್ಟರು ಹಿಂದಿಯಲ್ಲಿ ಕೇಳಿದರು. ಒಂದೇ ಕಡೆ ಅಂತ ತಿಳಿದಾಗ ತಲೆಯಾಡಿಸಿ, ಅದಕ್ಕೇ ಎರಡೂ ಕಾಲು ಸಿಕ್ಕಿವೆ, ಆಚೆ ಈಚೆ ಹಾಕಿದ್ದರೆ ಬಲಗಾಲಾದರೂ ಉಳಿಯುತ್ತಿತ್ತು ಅಂದರು. ಸ್ಟ್ರೆಚರ್ ಮೇಲಿಂದ ಅವಳೇ ಹೇಳಿದಳು, "ನನಗ ಒಂದೇ ಕಡೆ ಕೂತೇ ರೂಢಿ." ನಾನು ಸುಮ್ಮನಿದ್ದೆ.

ಆ ಸುಮ್ಮನಿದ್ದದ್ದೇ ಮನೆಯಲ್ಲಿ ಖಾಯಂ ಆಯಿತು. ನನ್ನ ತಾಯಿ ಸೊಸೆಯ ಆರೈಕೆಗೆಂದು ಬಂದವಳು ನಮ್ಮಲ್ಲೇ ಉಳಿದಳು. "ಗಟ್ಟಿ ಹಿಡ್ಕೊಂಡು ಕೂಡಾಕ ಬರಲಿಲ್ಲ ಈಕಿಗಿ. ನನ್ನ ಮಗನ ಬಾಳು ಮುರೀತು" ಅಂತ ಬಂದವರೆದುರು ಹೇಳಿದಳು, ಮಗಳೆದುರು ಹೇಳಿದಳು. ಕೊನೆಗೆ ಅವಳೇ ಹಾಸಿಗೆ ಹಿಡಿದಾಗ ಅವಳ ಮೈ ಒರೆಸಿದ್ದು, ಗಂಜಿ ಕುಡಿಸಿದ್ದು ಇದೇ ಸೊಸೆ. ಮೊಣಕಾಲು ಮಡಚಲಾರದೆ, ಮಂಚದ ಅಂಚು ಹಿಡಿದು, ಒಂದೊಂದು ಸಲ ನೋವಿಗೆ ತುಟಿ ಕಚ್ಚಿಕೊಂಡು. ಆಗಲೂ ತಾಯಿ ಅದೇ ಮಾತಾಡಿದಳು. ಆಗಲೂ ನಾನು ಪೇಪರು ಹಿಡಿದು ಕೂತಿದ್ದೆ. ಹೋದ ವರ್ಷ ತಾಯಿ ತೀರಿಕೊಂಡಳು.

ಮೊನ್ನೆ ಮಗಳ ಶಾಲೆಯಲ್ಲಿ ಏನೋ ಸಮಾರಂಭ. ಅವಳಿಗೀಗ ಹದಿನಾಲ್ಕು. ಲಂಗ ದಾವಣಿ ಉಟ್ಟು ನನ್ನ ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತಳು. ಕನ್ನಡಿಯಲ್ಲಿ ನೋಡಿದೆ.

"ಇಳಿ! ಎರಡೂ ಕಡೆ ಕಾಲು ಹಾಕು!" ಅಂತ ಕಿರುಚಿದೆ.

"ಯಾಕಪ್ಪಾ ಒದರ್ತಿ? ನಾ ಏನ್ ಮಮ್ಮಿ ಹಂಗ ದಡ್ಡಿ ಅಲ್ಲ. ಗಟ್ಟಿ ಹಿಡ್ಕೊಂಡೀನಿ" ಅಂದಳು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಮಗಳ ಬಾಯಲ್ಲಿ ನನ್ನ ತಾಯಿಯ ಮಾತು. ಅದನ್ನು ಅಲ್ಲಿಟ್ಟವನು ನಾನು. ಸ್ಕೂಟರು ಬಂದ್ ಮಾಡಿದೆ.

"ನಿಮ್ಮ ಮಮ್ಮಿ ಎರಡೂ ಕಡೆ ಕಾಲು ಹಾಕೇ ಕೂತಿದ್ದಳು. ನಾನೇ ಇಳಿಸಿ ಒಂದೇ ಕಡೆ ಕೂಡಿಸ್ದೆ. ಮಂದಿ ನೋಡ್ತಾರಂತ" ಅಂದೆ.

ಮಗಳು ನನ್ನನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿದಳು. ಹೆಂಡತಿ ಅಳುತ್ತಾಳೆ ಅಂದುಕೊಂಡೆ, ಬೈದರೂ ಬೈಯಲಿ ಅಂದುಕೊಂಡೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅತ್ತಿ ಇದ್ದಾಗ ಹೇಳಬೇಕಿತ್ರಿ" ಅಂದಳು. ಅಷ್ಟೇ.

ಮಗಳು ಸ್ಕೂಟರಿನಿಂದಿಳಿದು ಬಟ್ಟೆ ಬದಲಿಸಲು ಒಳಗೆ ಹೋದಳು. ಅವಳಿಗೆ ದಾರಿ ಬಿಡಲು ಹೆಂಡತಿ ಎಡಗಾಲನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟುಕೊಂಡಳು.