ನೆಲ ಹಿಡಿದಿದ್ದ ಆವಿ

ಕೈ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಈಗಲೂ ಆ ತಾಟು ಕೆಳಗಿಳಿಯುವುದು ಕಣ್ಣ ಮುಂದೆ ಬರುತ್ತದೆ. ಅದು ನೆಲ ಮುಟ್ಟಲಿಲ್ಲ ಎಂದು ಪ್ರತಿ ಸಲವೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಗಡಹಿಂಗ್ಲಜದವಳಾದ ನಾನು ಕೊಲ್ಹಾಪುರದ ಪ್ರಯೋಗಾಲಯವೊಂದರಲ್ಲಿ ಪಾಲಿಮರಿನ ಅತಿ ತೆಳು ಪದರಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಲೇಪ. ಹತ್ತಿ ಬಟ್ಟೆಗೆ ಹಚ್ಚಿದರೆ ಬಟ್ಟೆ ನೀರು ಕುಡಿಯುವುದಿಲ್ಲ, ಹನಿ ಹಾಗೇ ಜಾರಿ ಹೋಗುತ್ತದೆ. ಅಂಗೈಯಗಲದ ತುಂಡುಗಳ ಮೇಲೆ ಅದು ಸರಿಯಾಗಿ ಕೂತಿತ್ತು. ಉದ್ದನೆಯ ಬಟ್ಟೆಯ ಮೇಲೆ ಮಾಡಿ ನೋಡಲು ಇಚಲಕರಂಜಿ ಪಕ್ಕದ ಕೊರೋಚಿಯಲ್ಲಿ ಒಬ್ಬ ಮಗ್ಗದ ಮಾಲೀಕರು ತಮ್ಮ ಶೆಡ್ಡು ಬಿಟ್ಟುಕೊಟ್ಟರು. ಅವರು ಕೆಲಸಗಾರರೊಡನೆ ಮರಾಠಿ, ಮನೆಯೊಳಗೆ ಕನ್ನಡ ಆಡುತ್ತಿದ್ದರು. ಅವರ ತಾಯಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು.

ಅಂದು ವಾರದ ರಜೆ, ಮಗ್ಗಗಳು ನಿಂತಿದ್ದವು. ಆದರೂ ಜಂತಿಗಳ ಮೇಲೆಲ್ಲ ಹತ್ತಿಯ ಧೂಳು. ಒಂದು ಎಳೆ ಬಿದ್ದರೂ ಪದರ ಕೆಡುತ್ತದೆಂದು ಕಿಟಕಿಗಳನ್ನೆಲ್ಲ ನಾನೇ ಮುಚ್ಚಿಸಿದೆ. ಪಾಲಿಮರ್ ಕರಗಿಸಿದ್ದು ಟೊಲುಯೀನಿನಲ್ಲಿ. ಬಣ್ಣದ ಥಿನ್ನರಿನಂತೆ ಬೇಗ ಆವಿಯಾಗುವ, ಬೆಂಕಿ ಸೋಕಿದರೆ ಭಗ್ಗನೆ ಹೊತ್ತಿಕೊಳ್ಳುವ ದ್ರವ. ಪ್ರಯೋಗಾಲಯದಲ್ಲಿ ಅದನ್ನು ಆವಿ ಹೊರಗೆಳೆಯುವ ಕಪಾಟಿನೊಳಗಷ್ಟೇ ಬಳಸುತ್ತೇವೆ. ಇಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಧೂಳೊಂದೇ. ಬಟ್ಟೆಗೆ ಲೇಪ ಹಚ್ಚಲು ನಾನು ತಂದಿದ್ದ ರೋಲರನ್ನು ನಾನೂ ಮಾಲೀಕರೂ ಕೈಯಿಂದ ತಿರುಗಿಸುತ್ತಿದ್ದೆವು. ವಾಸನೆಗೆ ಮೂಗು ಒಗ್ಗಿಬಿಟ್ಟಿತ್ತು.

ಹೊಸ ಯಂತ್ರ ಬಂದರೆ ಆರತಿ ಮಾಡುವುದು ಆ ಶೆಡ್ಡಿನ ರೂಢಿ. ನನ್ನ ಪುಟ್ಟ ರೋಲರಿಗೂ ಅದು ಬೇಕೆಂದು ನನಗೆ ಹೊಳೆದಿರಲಿಲ್ಲ. ಆಯಿ ಉರಿಯುವ ದೀಪದ ತಾಟು ಹಿಡಿದು ಬಾಗಿಲು ತಳ್ಳಿಕೊಂಡು ಬಂದರು. ಸೆರಗು ಸರಿಮಾಡಿಕೊಳ್ಳಲೆಂದು ತಾಟನ್ನು ಹೊಸ್ತಿಲ ಒಳಗೆ ಇಡಲು ಬಾಗಿದರು. ಆ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೇ ಹರಡಿಕೊಂಡಿರುತ್ತದೆ.

ಕೂಗಿ ಹೇಳುವಷ್ಟು ಹೊತ್ತಿರಲಿಲ್ಲ. ಓಡಿಹೋಗಿ ಮಣಿಕಟ್ಟು ಹಿಡಿದು ಮೇಲೆತ್ತಿ, ಆಯಿಯನ್ನು ಅಂಗಳದ ಆ ತುದಿಯವರೆಗೆ ಎಳೆದುಕೊಂಡು ಹೋದೆ. ಬಿಸಿ ಎಣ್ಣೆ ನನ್ನ ಕೈಮೇಲೆ ಚೆಲ್ಲಿತು.

“ಆರತಿ ಹಿಡದಾಕಿನ್ನ ಹಿಂಗ ಜಗ್ಗತಾರೇನ? ನಿಮ್ಮವ್ವ ಇದನ್ನ ಕಲಿಸ್ಯಾಳೇನ ನಿನಗ?”

ವಾಸನೆ ಭಾಳ ಇತ್ತು ಎಂದಷ್ಟೇ ಹೇಳಿ ಕಟ್ಟೆಯ ಮೇಲೆ ಕೂತೆ. ಮಾಲೀಕರು ಕಿಟಕಿಗಳನ್ನೆಲ್ಲ ತೆರೆದು ಬಂದರು.

ಶೆಡ್ಡು ಪೂರ್ತಿ ಗಾಳಿಯಾಡಿದ ಮೇಲೆ ಊಟಕ್ಕೆ ಕೂತೆವು. ರೊಟ್ಟಿ ಮುರಿದೆ, ಬಾಯಿಗಿಡಲಾಗಲಿಲ್ಲ. ಇದ್ದದ್ದನ್ನು ಹೇಳಿಬಿಟ್ಟೆ: ಕಿಟಕಿ ಮುಚ್ಚಿಸಿದ್ದು ನನ್ನ ತಪ್ಪು, ದೀಪ ನೆಲಕ್ಕಿಟ್ಟಿದ್ದರೆ ಮೂವರೂ ಸುಟ್ಟುಹೋಗುತ್ತಿದ್ದೆವು. ಮಾಲೀಕರ ಕೈ ತಾಟಿನಲ್ಲೇ ನಿಂತಿತು. ಆಯಿ ನಾನೆಷ್ಟು ಓದಿದ್ದೇನೆಂದು ಕೇಳಿದರು. ಹೇಳಿದೆ.

“ಅಷ್ಟ ಸಾಲಿ ಕಲತ, ನನಗ ಒಂದ ಮಾತ ಮೊದಲ ಹೇಳಾಕ ಬರಲಿಲ್ಲೇನ? ದೀಪ ಹೊರಗ ಹಚ್ಚತಿದ್ನಿ, ಯವ್ವಾ.”

ಮಾಲೀಕರು ತಾಟು ನೋಡುತ್ತಲೇ ಅಂದರು: “ಇಪ್ಪತ್ತ ವರ್ಷದಾಗ ನನ್ನ ಹೇಣ್ತಿಗೆ ಆಗಿಲ್ರಿ ಈ ಕೆಲಸ. ನೀವು ಒಂದ ಝಟಕ್ಯಾಗ ಆಯಿನ್ನ ಹೊರಗ ಹಾಕಿದ್ರಿ.”

ಆಯಿ ಮಗನ ಭುಜಕ್ಕೊಂದು ಕೊಟ್ಟು, ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಅವರು ನಗುವುದನ್ನು ನೋಡುತ್ತ ನೋಡುತ್ತ ನನ್ನ ಕಣ್ಣು ತುಂಬಿತು. ಆಮೇಲೆ ಮೂರು ರೊಟ್ಟಿ ತಿಂದೆ.